ಭೂಮಿಯ ಅಂಚು ಕಂಡ ಸಿದ್ದಲಿಂಗ
ದಾಂಡೇಲಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕಾಳಿ ನದಿಗಿಳಿಸುವ ಸಿದ್ದಲಿಂಗ ಗುರುತ್ವಾಕರ್ಷಣೆಯನ್ನು ಒಪ್ಪುವುದಿಲ್ಲ. "ನೀರಿಗೆ ಮನಸಾತು, ಇಳೀತು" ಎನ್ನುತ್ತಾನೆ. ಭೂಮಿ ಅವನ ಪಾಲಿಗೆ ಅವ್ವ ಬಡಿದ ಜೋಳದ ರೊಟ್ಟಿಯಂತೆ ಚಪ್ಪಟೆ; ಅದರ ಅಂಚನ್ನು ತಾನೇ ಕಂಡಿದ್ದೇನೆ ಎನ್ನುತ್ತಾನೆ. ಚಂದ್ರನದು ಸ್ವಂತ ಬೆಳಕು. ಅವನನ್ನು ಪ್ರೀತಿಸುವ ಸುನಂದಾ ಹಳಿಯಾಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಭಾನುವಾರ ಬಂದರೆ ಲಿಂಬೆಹಣ್ಣು ಹಿಡಿದು ಅವನಿಗೆ ಗ್ರಹಣ ವಿವರಿಸುತ್ತಾಳೆ. ಅವನು ಆ ಹಣ್ಣನ್ನು ಶರಬತ್ತಿಗೆ ಹಿಂಡುತ್ತಾನೆ. ಅದನ್ನೂ ಸಹಿಸಿಯಾಳು. ದೋಣಿಯ ಟಿಕೆಟ್ ಕೊಡುವ ರೀನಾ ಅವನ ಮಾತನ್ನು ಗಲ್ಲಕ್ಕೆ ಕೈಯಿಟ್ಟು ಕೇಳಿ, "ಖರೇನ ಐತ್ರಿ! ಆ ಭೂಮಿ ಅಂಚು ನನಗೂ ತೋರಸ್ರಿ" ಎಂದಾಗ ಅವನ ಮುಖ ಅರಳುವುದನ್ನು ಮಾತ್ರ ಸಹಿಸಲಾರಳು. ಹೋದ ಭಾನುವಾರ ಅವನು, "ನೀ ಯಾಕ ಒಮ್ಮಿನೂ ಹಂಗ ಕೇಳಂಗಿಲ್ಲ?" ಎಂದ. ಸುನಂದಾ ಲಿಂಬೆಹಣ್ಣನ್ನು ಚೀಲಕ್ಕೆ ಹಾಕಿಕೊಂಡಳು. "ಅಂಚಿಗೆ ಹೋಗೂದಾದ್ರ ನಾ ಬರ್ತೇನಿ. ಆಕಿನ್ನ ಕರಕೊಂಡು ಹೋಗಬ್ಯಾಡ" ಎಂದಳು.