ಮೊಳೆ ಅಣ್ಣನದು, ಪುಟ್ಟಿ ತಮ್ಮನದು

ನಮ್ಮವರ ಕೆಲಸವನ್ನ ಯಾರಿಗಾದ್ರೂ ತೋರಿಸಬೇಕು ಅಂದ್ರೆ ನನ್ನ ಪಾಡು ಯಾರಿಗೂ ಬೇಡ. ಒಂದು ಸಲ ನಮ್ಮ ಸೋದರಮಾವ ಬಂದಿದ್ದವರು, "ನಿನ್ನ ಗಂಡ ಭಾರಿ ಕೆಲಸಗಾರನಂತೆ, ತೋರಿಸು ನೋಡೋಣ" ಅಂದ್ರು. ಎದುರುಮನೆ ಬಾಗಿಲ ಮುಂದೆ ಕರ್ಕೊಂಡು ಹೋಗಿ ನಿಲ್ಲಿಸಿದೆ. ಮಾವ ಮೇಲೆ ನೋಡಿದ್ರು, ಕೆಳಗೆ ನೋಡಿದ್ರು, "ಬಾಗಿಲು ಇವನು ಮಾಡಿದ್ದಾ?" ಅಂದ್ರು. ಅಲ್ಲ ಅಂದೆ. "ಸುತ್ತಲಿನ ಪಟ್ಟಿ?" ಅದು ನಮ್ಮ ಭಾವ ಹೊಡೆದದ್ದು. "ಬಣ್ಣ?" ಅದು ಬೇರೆ ಯಾರೋ ಬಳಿದದ್ದು. "ಮತ್ತೆ ಇವನದೇನು ಇದರಲ್ಲಿ?" ಪಟ್ಟಿಗೆ ಹೊಡೆದ ಮೊಳೆಗಳ ತೂತು ಮುಚ್ಚಿದ್ದಾರೆ ಅಂದೆ. "ಎಲ್ಲಿ ತೂತು? ಕಾಣ್ತಾ ಇಲ್ಲವಲ್ಲ" ಅಂದ್ರು. ಕಾಣೋ ಹಾಗಿದ್ರೆ ಇವರು ಮಾಡಿ ಏನು ಬಂತು ಅಂತ ನನಗೂ ರೇಗಿತು. ಮಾವ ಟೀ ಕುಡಿದು, ಅಳಿಯ ನಿರುದ್ಯೋಗಿ ಅಂತ ತೀರ್ಮಾನ ಮಾಡ್ಕೊಂಡು ಬಸ್ಸು ಹತ್ತಿದ್ರು.

ಸುಮ್ಮನೆ ಮೆತ್ತಿ ಬರೋ ಕೆಲಸ ಅಲ್ಲ ಅದು. ಬಾಗಿಲು ಕಿಟಕಿಗಳ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದು ಕಾಣದ ಹಾಗೆ ಸುತ್ತ ಮರದ ಪಟ್ಟಿ ಹೊಡೀತಾರಲ್ಲ, ಅದನ್ನ ಹೊಡೆಯೋರು ಭಾವ, ಅಂದ್ರೆ ಇವರ ಅಣ್ಣ. ಮೊಳೆ ಹೊಡೆದು, ಅದರ ತಲೆಯನ್ನ ಮರದೊಳಕ್ಕೆ ಇಳಿಸಿ ಮುಂದಕ್ಕೆ ಹೋಗ್ತಾರೆ. ಹಿಂದೆಯೇ ನಮ್ಮವರು ತೂತು ತುಂಬೋ ಪುಟ್ಟಿಯ ಡಬ್ಬಿ ಹಿಡ್ಕೊಂಡು ಬರ್ತಾರೆ. ಬಣ್ಣ ಬಳಿಯೋ ಮರ ಆದ್ರೆ ಪುಟ್ಟಿಯನ್ನ ಒಂಚೂರು ಉಬ್ಬಿಸಿಯೇ ತುಂಬಬೇಕು, ಒಣಗಿದಾಗ ಕುಗ್ಗುತ್ತೆ. ಆಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ ಸಮ ಮಾಡಬೇಕು. ಅದರ ಮೇಲೆ ಬಣ್ಣ ಬಿತ್ತು ಅಂದ್ರೆ ಬ್ರಹ್ಮ ಬಂದು ಹುಡುಕಿದ್ರೂ ಸಿಗಲ್ಲ. ಪಾಲಿಶ್ ಹಾಕೋ ಮರದ ಕಥೆಯೇ ಬೇರೆ. ಅಲ್ಲಿ ಮೊದಲು ಮರಕ್ಕೆ ಒಂದು ಕೈ ಪಾಲಿಶ್ ಬೀಳಬೇಕು, ಆಮೇಲೆ ಅದರ ಬಣ್ಣಕ್ಕೆ ಕಲಸಿದ ಪುಟ್ಟಿ, ತೂತಿಗೆ ಎಷ್ಟು ಬೇಕೋ ಅಷ್ಟೇ. ಒಂದೇ ಪಟ್ಟಿಯಲ್ಲಿ ಮರದ ಎಳೆ ಇಲ್ಲಿ ಕಪ್ಪಗಿದ್ರೆ ಅಲ್ಲಿ ಜೇನಿನ ಬಣ್ಣ ಇರುತ್ತೆ. ಅದಕ್ಕೆ ಇವರು ಎಡಗೈ ಹೆಬ್ಬೆರಳ ಉಗುರಿನ ಮೇಲೆ ಎರಡು ಮೂರು ಬಣ್ಣದ ಪುಟ್ಟಿ ಇಟ್ಕೊಂಡು, ಅಲ್ಲಲ್ಲೇ ಬೆರೆಸಿ ತುಂಬ್ತಾರೆ. ಆ ಉಗುರು ಊಟಕ್ಕೆ ಕೂತಾಗಲೂ ಹಾಗೇ ಇರುತ್ತೆ. ಬೈದು ಬೈದು ನನ್ನ ಬಾಯಿ ನೋಯುತ್ತೆ, ಇವರ ಕಿವಿ ನೋಯಲ್ಲ.

ಇವರಿಗೆ ಸುತ್ತಿಗೆ ಹಿಡಿಸಿದ್ದೇ ಭಾವ. ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನ ಸಾಕಿ, ಕೆಲಸಕ್ಕೆ ಹಚ್ಚಿದವರು ಅವರೇ. ಆದ್ರೆ ಇವರು ಮೊಳೆಗೆ ಹೊಡೆದದ್ದಕ್ಕಿಂತ ಬೆರಳಿಗೆ ಹೊಡ್ಕೊಂಡದ್ದೇ ಹೆಚ್ಚಂತೆ. ಕೊನೆಗೆ ಭಾವ, "ಹೊಡೆಯೋದು ನನಗಿರಲಿ ಮಾರಾಯ, ನೀನು ಪುಟ್ಟಿ ನೋಡ್ಕೋ" ಅಂತ ಡಬ್ಬಿ ಕೈಗೆ ಕೊಟ್ರು. ಆವತ್ತಿಂದ ಊರಿನವರ ಬಾಯಲ್ಲಿ ಇವರು ಪುಟ್ಟಿಯಣ್ಣ, ಭಾವ ಮೀಸೆ ಮೇಸ್ತ್ರಿ. ಭಾವನ ಮೀಸೆ ನೋಡಬೇಕು ನೀವು. ಕಪ್ಪು ಬಣ್ಣ ಹಚ್ಚಿ, ತಿರುವಿ, ಎರಡೂ ಕಡೆ ಸಮ ಇದೆಯಾ ಅಂತ ನೋಡ್ಕೊಳ್ಳದೆ ಮನೆಯಿಂದ ಹೊರಗೆ ಕಾಲಿಡಲ್ಲ.

ಜಗಳ ಆದದ್ದು ಒಂದು ಮನೆ ಕೆಲಸ ಮುಗಿದ ದಿನ. ಆ ಮನೆಯವರು ಬಾಗಿಲ ಪಟ್ಟಿ ಸವರಿ, "ಏನು ನುಣುಪು, ಮೊಳೆ ಹೊಡೆದೇ ಇಲ್ಲವೇನೋ ಅನ್ನಿಸುತ್ತೆ" ಅಂತ ಪುಟ್ಟಿಯನ್ನ ಹೊಗಳಿದ್ರು. ಭಾವನಿಗೆ ತಡೀಲಿಲ್ಲ. "ಅವನದೇನು ಬಿಡಿ, ನಾನು ಮಾಡಿದ ತೂತಿಗೆ ಮಣ್ಣು ಮೆತ್ತೋನು" ಅಂದ್ರು. ನಿಂತಿದ್ದವರೆಲ್ಲ ನಕ್ಕರು. ನಮ್ಮವರು ಕೈ ಒರೆಸ್ಕೊಂಡು ಮನೆಗೆ ಬಂದ್ರು. ಅಲ್ಲಿಂದ ಅಣ್ಣ ತಮ್ಮಂದಿರ ಮಾತು ಬಂದ್.

ಅಂದವನು ಅಣ್ಣ, ಅವನೇ ಮೊದಲು ಮಾತಾಡ್ಲಿ ಅಂತ ಇವರು. ಚಿಕ್ಕವನು ಅವನು, ಅವನೇ ಮೊದಲು ಮಾತಾಡ್ಲಿ ಅಂತ ಅವರು. ಹಿಡಿದ ಮೊಲಕ್ಕೆ ಮೂರೇ ಕಾಲು, ಇಬ್ಬರದೂ. ಕೆಲಸ ಮಾತ್ರ ಬಿಡಲಿಲ್ಲ, ಹೊಟ್ಟೆ ಕೇಳಬೇಕಲ್ಲ. "ಈ ಮೂಲೆಯ ಅಂಟು ಇನ್ನೂ ಹಸಿ ಇದೆ" ಅಂತ ಭಾವ ಕಿಟಕಿಗೆ ಹೇಳೋದು. "ಯಾರೋ ಏಣಿ ಅಡ್ಡ ಇಟ್ಟಿದ್ದಾರೆ" ಅಂತ ಇವರು ಡಬ್ಬಿಗೆ ಹೇಳೋದು. ಅಕ್ಕ, ಅಂದ್ರೆ ಭಾವನ ಹೆಂಡತಿ, ನನ್ನ ಓರಗಿತ್ತಿ, ಒಂದೇ ಗೋಡೆಯ ಆಚೆ ಬದಿ ಇರೋದು. ನಮ್ಮಿಬ್ಬರ ಮಾತಿಗೆ ಒಂದು ದಿನವೂ ಅಡ್ಡಿ ಆಗಲಿಲ್ಲ. ಗಂಡಂದಿರು ಮುನಿಸ್ಕೊಂಡ್ರೆ ನಾವ್ಯಾಕೆ ಬಾಯಿಗೆ ಬೀಗ ಹಾಕ್ಕೋಬೇಕು?

ನಾನು ಮನೇಲೇ ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕ್ತೀನಿ. ಹೋದ ವರ್ಷ ಒಂದು ಸಂಜೆ ಅಂಗಿ ಮಡಿಸ್ತಾ ನೋಡ್ತೀನಿ, ಇವರು ಮತ್ತೆ ಹೊಸ ಪುಟ್ಟಿ ಡಬ್ಬಿ ತೆಗೀತಿದ್ದಾರೆ. ಮೊನ್ನೆ ತಾನೇ ಒಂದು ತಂದಿದ್ರು.

"ಏನ್ರೀ, ಪುಟ್ಟಿ ತಿಂತೀರಾ?" ಅಂದೆ.

ಇವರು ಡಬ್ಬಿಯ ಮುಚ್ಚಳ ತಿರುಗಿಸ್ತಾ ಕೂತ್ರು. ನಾನು ಬಿಡೋಳಲ್ಲ. ಕೆದಕಿ ಕೆದಕಿ ಕೇಳಿದ ಮೇಲೆ ಹೇಳಿದ್ರು: "ಅಣ್ಣನ ಸುತ್ತಿಗೆ ಮೊಳೆ ಪಕ್ಕಕ್ಕೆ ಬೀಳ್ತಿದೆ ಕಣೇ. ಮೊಳೆ ಮೊಳೆಗೂ ಮರದ ಮೇಲೆ ಅರ್ಧಚಂದ್ರದ ಹಾಗೆ ಕುಳಿ. ತೂತಿನ ಜೊತೆ ಅದನ್ನೂ ತುಂಬಿ ಉಜ್ಜಬೇಕು. ಅವನಿಗೆ ಹತ್ತಿರದ್ದು ಕಾಣ್ತಿಲ್ಲ."

"ಮತ್ತೆ ಹೇಳೋದಲ್ವಾ?"

"ಹೆಂಗೆ ಹೇಳ್ಲಿ? ಮಾತಿಲ್ಲವಲ್ಲ."

ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಅಕ್ಕನ ಹತ್ತಿರ ಓಡಿದೆ. ಅಕ್ಕ ನಕ್ಕಳು, ಆಮೇಲೆ ಕಣ್ಣು ಒರೆಸ್ಕೊಂಡಳು. ಭಾವ ಪೇಪರನ್ನ ಕೈ ಚಾಚಿದಷ್ಟು ದೂರ ಹಿಡಿದು ಓದ್ತಾರಂತೆ, ಕೇಳಿದ್ರೆ "ಈಗಿನ ಪೇಪರಿನವರು ಮಸಿ ಸರಿಯಾಗಿ ಹಾಕಲ್ಲ" ಅಂತಾರಂತೆ. ಕನ್ನಡಕ ಅಂದ್ರೆ ಸಾಕು, ಮೀಸೆ ನೆಟ್ಟಗಾಗುತ್ತಂತೆ. ಕನ್ನಡಕ ಹಾಕಿದ ಮೇಸ್ತ್ರಿಯನ್ನ ಯಾರು ಕರೀತಾರೆ, ಮುದುಕ ಅಂತಾರೆ ಅನ್ನೋದು ಅವರ ಭಯ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟೋರು ಯಾರು? ನಾನೂ ಕಟ್ಟಲಿಲ್ಲ, ಅಕ್ಕನೂ ಕಟ್ಟಲಿಲ್ಲ. ನಮ್ಮವರು ಮಾತ್ರ ಮನೆ ಮನೆಯಲ್ಲೂ ಅಣ್ಣನ ಏಟುಗಳನ್ನ ತುಂಬ್ತಾ ಹೋದ್ರು. ಮೇಲೆ ಬಣ್ಣ ಬೀಳ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ, ಭಾವನಿಗೂ.

ಹೀಗೇ ನಡೀತಿತ್ತೇನೋ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬರು ಯಜಮಾನಿ ಕಟ್ಟಿಸ್ತಿದ್ದ ಮನೆ ಕೆಲಸ ಬಂತು. ಒಳ್ಳೆ ಮರ, ಪೂರ್ತಿ ಪಾಲಿಶ್, ಎಲ್ಲೂ ಬಣ್ಣ ಇಲ್ಲ. ಹಳೇ ಮನೇಲಿ ಯಾರೋ ಬಿರುಕು ಬಿಟ್ಟ ಮರಕ್ಕೆ ಪುಟ್ಟಿ ಮೆತ್ತಿ ಆಕೆಗೆ ಮೋಸ ಮಾಡಿದ್ರಂತೆ. ಅದಕ್ಕೆ ಮೊದಲೇ ಹೇಳಿಬಿಟ್ರು: "ಮೊದಲ ಕೋಣೆಯ ಮೊಳೆ ಹೊಡೆದು ಬಿಡಿ. ಪಾಲಿಶ್ ಬೇಡ, ಪುಟ್ಟಿ ಬೇಡ. ನಾನು ಬರಿ ಮರ ನೋಡಬೇಕು. ಸರಿ ಇದ್ರೆ ಮುಂದಿನ ಕೋಣೆ, ಇಲ್ಲದಿದ್ರೆ ಬೇರೆಯವರು."

ಮೊಳೆ ಹೊಡೆದು ಮುಗಿದ ದಿನ ಇವರು ಮಧ್ಯಾಹ್ನವೇ ಮನೆಗೆ ಬಂದ್ರು. ಚಪ್ಪಲಿ ಬಿಡೋದೂ ಮರೆತು ಒಳಗೆ ಬಂದು ಕೂತ್ರು.

"ಬೆಳಿಗ್ಗೆ ಆಕೆ ಬರ್ತಾರೆ. ಪಟ್ಟಿ ತುಂಬಾ ಅರ್ಧಚಂದ್ರ. ಪಾಲಿಶ್ ಮರದಲ್ಲಿ ಅಷ್ಟಗಲ ಪುಟ್ಟಿ ಹಾಕಿದ್ರೆ ತೇಪೆ ಹಾಗೆ ಕಾಣುತ್ತೆ, ಹಾಕದಿದ್ರೆ ಏಟು ಕಾಣುತ್ತೆ. ಈ ಸಲ ನನ್ನ ಕೈಲಿ ಮುಚ್ಚೋಕಾಗಲ್ಲ. ಆಕೆ ಅಣ್ಣನನ್ನ ಕಳಿಸ್ತಾರೆ, ನಾಳೆ ಊರೆಲ್ಲ ಗೊತ್ತಾಗುತ್ತೆ. ಸುತ್ತಿಗೆ ಬಿಟ್ರೆ ಅವನು ಬದುಕಲ್ಲ ಕಣೇ." ಇವರ ಕಣ್ಣಲ್ಲಿ ನೀರು. ಮದುವೆಯಾದಾಗಿನಿಂದ ನಾನು ಅದನ್ನ ನೋಡಿರಲಿಲ್ಲ. ನನಗೆ ಭಾವನ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯ್ತೋ.

ಇಸ್ತ್ರಿ ಮೇಜಿನ ಮೇಲೆ ಕೈ ಊರಿ ನಿಂತೆ. ಆಗ ನೆನಪಾಯ್ತು. ಆ ಮೇಜಿಗೆ ಇಸ್ತ್ರಿ ಪೆಟ್ಟಿಗೆಯ ಮೂಲೆ ಬಿದ್ದು ಒಂದು ಕುಳಿ ಆಗಿತ್ತು. ಮರೆತು ಒದ್ದೆ ಬಟ್ಟೆ ಅದರ ಮೇಲಿಟ್ಟು ಬಿಸಿ ಪೆಟ್ಟಿಗೆ ಒತ್ತಿದ್ದೆ, ಕುಳಿ ಉಬ್ಬಿ ಸಮ ಆಗಿಹೋಗಿತ್ತು.

"ಏಳ್ರೀ" ಅಂದೆ. "ಪೆಟ್ಟಿಗೆ ಎತ್ಕೊಳ್ಳಿ. ಆ ಮರಕ್ಕೆ ಇಸ್ತ್ರಿ ಹಾಕೋಣ."

ಇವರು ನನ್ನನ್ನ ಹುಚ್ಚಿಯ ಹಾಗೆ ನೋಡಿದ್ರು, ಆಮೇಲೆ ಅರ್ಥವಾಗಿ ಎದ್ದರು. ಹೊಸ ಮನೇಲಿ ಭಾವ ಇರಲಿಲ್ಲ, ಊಟಕ್ಕೆ ಹೋಗಿದ್ರು. ಇವರು ಒದ್ದೆ ಬಟ್ಟೆ ಮಡಿಸಿ ಅರ್ಧಚಂದ್ರದ ಮೇಲಿಡೋದು, ನಾನು ಪೆಟ್ಟಿಗೆಯ ಮೂತಿ ಒತ್ತೋದು. ಚುಂಯ್ ಅಂತ ಹಬೆ ಏಳ್ತಿತ್ತು. ಬಟ್ಟೆ ತೆಗೆದ್ರೆ ಮರ ಉಬ್ಬಿ, ಕುಳಿ ಮಾಯ. ಇವರು ಬೆರಳಾಡಿಸಿ "ಹೂಂ" ಅಂತಿದ್ರು. ಇವರ ಹೂಂ ಅಂದ್ರೆ ಬೇರೆಯವರ ಭಾಷಣಕ್ಕೆ ಸಮ, ನನಗೆ ಹುರುಪು ಬಂತು. ಬಾಗಿಲು ಮುಗಿಸಿ ಕಿಟಕಿಗೆ ಬಂದಿದ್ವಿ, ಭಾವ ಹಲ್ಲಿಗೆ ಕಡ್ಡಿ ಹಾಕ್ಕೊಂಡು ಒಳಗೆ ಬಂದ್ರು.

"ಇದೇನಮ್ಮ, ಬೀದಿಯವರ ಬಟ್ಟೆ ಮುಗಿದು ಈಗ ಮರಕ್ಕೂ ಶುರುವಾ?"

ಇನ್ನು ಮುಚ್ಚಿಟ್ಟು ಏನು? "ಭಾವ, ನಿಮ್ಮ ಸುತ್ತಿಗೆ ಮೊಳೆಗೆ ಬೀಳ್ತಿಲ್ಲ, ಮರಕ್ಕೆ ಬೀಳ್ತಿದೆ" ಅಂದುಬಿಟ್ಟೆ.

ಭಾವನ ಮುಖ ಕೆಂಪಾಯ್ತು. "ಈ ಮರ ಮೆತ್ತಗಿದೆ. ಮೊಳೆಯೂ ಈಗಿನದು ಸರಿ ಇಲ್ಲ" ಅಂದ್ರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋಕೆ ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು ಬಟ್ಟೆ ಕೆಳಗಿಟ್ಟು, "ಅಣ್ಣ, ಕೈ ಕೊಡು" ಅಂದ್ರು.

ಕಿಟಕಿಗಲ್ಲ, ಡಬ್ಬಿಗಲ್ಲ, ಅಣ್ಣನಿಗೇ. ಭಾವ ಕೈ ಕೊಟ್ರು. ಇವರು ಆ ಬೆರಳನ್ನ ಹಿಡಿದು ಒಂದು ಕುಳಿಯ ಮೇಲಿಟ್ಟರು, ಆಮೇಲೆ ಇನ್ನೊಂದರ ಮೇಲೆ, ಮತ್ತೊಂದರ ಮೇಲೆ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳೀತು.

"ಯಾವಾಗಿಂದ?" ಅಂದ್ರು ಭಾವ.

"ಹೋದ ವರ್ಷದಿಂದ."

"ಮಾಡಿದ ಮನೆಗಳಲ್ಲೆಲ್ಲ?"

"ಹೂಂ. ಎಲ್ಲ ಬಣ್ಣದ ಕೆಳಗಿದೆ. ಯಾರಿಗೂ ಕಾಣಲ್ಲ."

ಭಾವ ಮರದ ಹೊಟ್ಟಿನ ಮೇಲೇ ಕೂತುಬಿಟ್ರು. "ನಾನು ಆವತ್ತು ಅಷ್ಟು ಜನರ ಮುಂದೆ ನಿನಗೆ..." ಅಂದ್ರು. "ಹೋಗಲಿ ಬಿಡಣ್ಣ" ಅಂದ್ರು ಇವರು. "ಬಿಡೋದೇನು, ಹೇಳಲಿ" ಅಂದೆ ನಾನು. ಭಾವ ನನ್ನ ಮುಖ ನೋಡಿ, ತಮ್ಮನ ಮುಖ ನೋಡಿ, "ತಪ್ಪಾಯ್ತು ಕಣೋ" ಅಂದ್ರು. ಉಳಿದ ಕಿಟಕಿಗೆ ಬಟ್ಟೆ ಒದ್ದೆ ಮಾಡಿ ಕೊಟ್ಟವರು ಅವರೇ.

ಬೆಳಿಗ್ಗೆ ಎಲ್ಲಾದ್ರೂ ಒಂದು ಉಳಿದಿದ್ರೆ ಅಂತ ನಾನು ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡೇ ಹೋದೆ. ಅಕ್ಕನೂ ಬಂದಳು, ತನ್ನ ಓದೋ ಕನ್ನಡಕ ತಂದು ಗಂಡನ ಮೂಗಿನ ಮೇಲೆ ಕೂರಿಸಿದಳು. ಕೆಂಪು ಅಂಚಿನದು, ಕೆಳಗೆ ಆ ಮೀಸೆ. ಭಾವ ಪಟ್ಟಿಗೆ ಬಗ್ಗಿ, "ಈ ಮರಕ್ಕೆ ಇಷ್ಟೊಂದು ಎಳೆ ಇತ್ತಾ?" ಅಂದ್ರು. ಹಾಗೇ ತಿರುಗಿ ಅಕ್ಕನನ್ನ ನೋಡಿ, "ನಿನಗೆ ಇಷ್ಟೊಂದು ನರೆ ಯಾವಾಗ ಬಂತೇ?" ಅಂದ್ರು. "ನೀವು ಪೇಪರಿನವರನ್ನ ಬೈತಿದ್ದಾಗ" ಅಂದಳು ಅಕ್ಕ. ನಮ್ಮವರು ಹೊಟ್ಟೆ ಹಿಡ್ಕೊಂಡು ನಕ್ಕರು. ಅಷ್ಟರಲ್ಲಿ ಯಜಮಾನಿ ಬಂದ್ರು, ಎಲ್ಲರ ನಗು ನಿಂತಿತು.

ಆಕೆ ಪಟ್ಟಿ ಪಟ್ಟಿಯನ್ನೂ ಸವರ್ತಾ ಬಂದ್ರು. ಬಾಗಿಲು ಸರಿ. ಮೊದಲ ಕಿಟಕಿ ಸರಿ. ಎರಡನೇ ಕಿಟಕಿಯ ಕೆಳಮೂಲೆಯಲ್ಲಿ ಕೈ ನಿಂತಿತು. "ಇದೇನು?" ಅಂದ್ರು. ಹಾಳಾದ್ದು, ಒಂದು ಅರ್ಧಚಂದ್ರ ನಮ್ಮ ಕಣ್ಣು ತಪ್ಪಿಸಿತ್ತು.

"ಅದು ನನ್ನ ಕೈ ತಪ್ಪಿ..." ಅಂತ ಇವರು ಶುರು ಮಾಡಿದ್ರು.

"ಸುಳ್ಳು ಹೇಳಬೇಡ" ಅಂದ್ರು ಭಾವ. ಕನ್ನಡಕ ಸರಿ ಮಾಡ್ಕೊಂಡು ಆಕೆಯ ಮುಂದೆ ನಿಂತ್ರು. "ಅಮ್ಮಾ, ಅದು ನನ್ನ ಏಟು. ಇದೊಂದೇ ಅಲ್ಲ, ಎಲ್ಲ ಕಡೆ ಇತ್ತು, ಇವರು ಹಬೆ ಕೊಟ್ಟು ಎಬ್ಬಿಸಿದ್ರು. ನನಗೆ ಹತ್ತಿರದ್ದು ಕಾಣಲ್ಲ, ಒಪ್ಪಿಕೊಳ್ಳೋಕೆ ಜಂಬ ಬಿಡಲಿಲ್ಲ. ಬೇರೆ ಮೇಸ್ತ್ರಿಯನ್ನ ಕರೆಸಿ, ನಾನೇನೂ ಅನ್ನಲ್ಲ. ಪುಟ್ಟಿಗೆ ಮಾತ್ರ ನನ್ನ ತಮ್ಮನನ್ನ ಬಿಡಬೇಡಿ, ಇಂಥ ಕೈ ನಿಮಗೆ ಇನ್ನೊಂದು ಸಿಗಲ್ಲ."

ಯಜಮಾನಿ ಬಾಯಿ ತೆರೆಯೋ ಮೊದಲೇ ಮಾತಾಡಿದ್ದು ನಮ್ಮವರು. ಹೊರಗಿನವರ ಮುಂದೆ ಬಾಯಿ ಬಿಟ್ಟವರೇ ಅಲ್ಲ, ಅವತ್ತು ತಡವರಿಸದೆ ಹೇಳಿದ್ರು: "ಅಣ್ಣ ಹೊಡೆಯದ ಮೊಳೆಗೆ ನಾನು ಪುಟ್ಟಿ ತುಂಬಲ್ಲಮ್ಮ. ಅವನು ಹೋದ್ರೆ ನಾನೂ ಹೋಗ್ತೀನಿ."

ನನಗೆ ಹೆಮ್ಮೆ ಅನ್ನಿಸಿತು. ಜೊತೆಗೆ ಸ್ವಲ್ಪ ಹೊಟ್ಟೆಯೂ ಉರೀತು, ನನಗೆ ಒಂದು ದಿನವೂ ಇಂಥ ಮಾತು ಹೇಳಿದ ಮನುಷ್ಯನಲ್ಲ. ಯಜಮಾನಿ ಇಬ್ಬರನ್ನೂ ನೋಡಿದ್ರು, ನನ್ನ ಕೈಲಿದ್ದ ಇಸ್ತ್ರಿ ಪೆಟ್ಟಿಗೆ ನೋಡಿದ್ರು, ಕೆಂಪು ಕನ್ನಡಕ ನೋಡಿದ್ರು.

"ಕನ್ನಡಕ ಹಾಕ್ಕೊಂಡೇ ಹೊಡೀಬೇಕು" ಅಂದ್ರು. "ಅದೂ ಸ್ವಂತದ್ದು. ಹೆಂಡತಿದು ಇವತ್ತಿಗೆ ಮಾತ್ರ. ನಡೀರಿ, ಮುಂದಿನ ಕೋಣೆ."

ಭಾವ ಸುತ್ತಿಗೆ ತಗೊಂಡು ಪಕ್ಕದ ಕೋಣೆಗೆ ಹೋದ್ರು, ಹಿಂದೆಯೇ ಇವರು. ನಾವಿಬ್ಬರು ಓರಗಿತ್ತಿಯರು ಹೊರಗೆ ಕಿವಿಗೊಟ್ಟು ನಿಂತ್ವಿ. ಭಾವ ಮಾತಾಡ್ತಿದ್ರು. ಇವರೂ ಮಾತಾಡ್ತಿದ್ರು. ಇಷ್ಟು ದಿನದ್ದೆಲ್ಲ ಒಟ್ಟಿಗೆ, ಒಬ್ಬರ ಮೇಲೊಬ್ಬರು, ಯಾರ ಮಾತೂ ಯಾರಿಗೂ ಕೇಳಿಸದ ಹಾಗೆ. ಸುತ್ತಿಗೆ ಸದ್ದು ಮಾತ್ರ ಶುರುವಾಗಲೇ ಇಲ್ಲ. ಕೊನೆಗೆ ಯಜಮಾನಿಯೇ ಬಾಗಿಲಲ್ಲಿ ನಿಂತು, "ಸ್ವಲ್ಪ ಕೆಲಸವನ್ನೂ ಮಾಡ್ರಪ್ಪ" ಅನ್ನಬೇಕಾಯ್ತು.