ವಿಂದಾಳ ಫೋನಿನ ಬಾಣಂತನ

ನಮ್ಮ ಗುಡ್ಡದ ಅರ್ಧ ಊರು ವಿಂದಾಳ ಕೈಯಲ್ಲೇ ಹುಟ್ಟಿದ್ದು. ಪೂರ್ತಿ ಹೆಸರು ಫ್ರೆದೆಸ್ವಿಂದಾ. ಅಷ್ಟುದ್ದ ಕರೆಯುವುದರೊಳಗೆ ಮಗು ಹೊರಗೆ ಬಂದುಬಿಡುತ್ತದೆ ಎಂದು ಎಲ್ಲರೂ ವಿಂದಾ ಎನ್ನುತ್ತೇವೆ. ಸೂಲಗಿತ್ತಿ. ದೊಡ್ಡ ಕೈ, ಅದಕ್ಕಿಂತ ದೊಡ್ಡ ಗಂಟಲು. ನನ್ನ ಮಗಳು ರೊಸಾನಿಯನ್ನು ಭೂಮಿಗೆ ತಂದವಳೂ ಅವಳೇ, ಚರ್ಚಿನಲ್ಲಿ ಎತ್ತಿ ಹಿಡಿದು ಧರ್ಮತಾಯಿಯಾದವಳೂ ಅವಳೇ. ಹಾಗಾಗಿ ಅವಳನ್ನು ಬೈಯುವ ಹಕ್ಕು ನನಗಿದೆ, ಆ ಹಕ್ಕಿಗೆ ತುಕ್ಕು ಹಿಡಿಯಲು ನಾನು ಬಿಟ್ಟಿಲ್ಲ.

ಬಿಸಿ ಮೈಗೆ ತಂಪು ತಾಗಿದರೆ ಪಾಸ್ಮೊ ಹಿಡಿಯುತ್ತದೆ, ಕೈಕಾಲು ಸೆಟೆದುಕೊಳ್ಳುತ್ತದೆ. ಇದನ್ನು ನಮ್ಮಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಇಸ್ತ್ರಿ ಮಾಡಿದ ಮೇಲೆ ನಾನು ಇವತ್ತಿಗೂ ಫ್ರಿಜ್ಜಿನ ಬಾಗಿಲು ಮುಟ್ಟುವುದಿಲ್ಲ. ಬಾಣಂತಿಯರ ವಿಷಯದಲ್ಲಂತೂ ವಿಂದಾ ಮಹಾ ಕಟ್ಟುನಿಟ್ಟು. ಕಿವಿಗೆ ಹತ್ತಿ, ಕಾಲಿಗೆ ಚೀಲ, ಕಿಟಕಿಗೆ ಚಿಲಕ. ಅದೆಲ್ಲ ಸರಿ. ಆದರೆ ಪುಣ್ಯಾತ್ಗಿತ್ತಿ ಫೋನಿಗೂ ಅದೇ ಬಾಣಂತನ ಮಾಡುತ್ತಿದ್ದಳು!

ಅವಳ ಮನೆಯ ತಂತಿ ಹಳೆಯದು. ಕರೆಂಟು ಬಂತೆಂದು ಗುಡ್ಡವೆಲ್ಲ ಕೂಗಿದ ಕೂಡಲೇ ಫೋನು ಹಿಡಿದು ನನ್ನ ಅಂಗಡಿಗೆ ಓಡಿ ಬರುತ್ತಿದ್ದಳು. ಚಾರ್ಜಿಗೆ ಹಾಕಿದರೆ ಫೋನು ಬೆಚ್ಚಗಾಗುತ್ತದಲ್ಲ, ಆ ಬಿಸಿ ಮೈಗೆ ನನ್ನ ಫ್ಯಾನಿನ ಗಾಳಿ ಸೋಕಬಾರದೆಂದು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಅಕ್ಕಿ ಮೂಟೆಯ ಹಿಂದೆ ಮಲಗಿಸುತ್ತಿದ್ದಳು. ತಿಂದದ್ದು ಪೂರ್ತಿ ಅರಗುವ ಮುಂಚೆ ಬಾಣಂತಿಗೆ ಮತ್ತೆ ಬಡಿಸಬಾರದು. ಹಾಗೆಯೇ ಫೋನು ಸತ್ತು ಕಪ್ಪಾಗುವ ತನಕ ಚಾರ್ಜಿಗೆ ಹಾಕುವಂತಿಲ್ಲ. ಒಮ್ಮೆ ಬಡಿಸಿದ ಮೇಲೆ ಅರ್ಧ ಊಟದಲ್ಲಿ ಎಬ್ಬಿಸುವಂತೆಯೂ ಇಲ್ಲ. ನೂರು ಆಗಬೇಕು, ಆದ ಮೇಲೂ ಇನ್ನೊಂದು ತುತ್ತು ಎಂದು ಅಲ್ಲೇ ಇರಬೇಕು.

ಹೀಗೆ ಉಪಚಾರ ಮಾಡಿಸಿಕೊಂಡ ಫೋನು ಕೊನೆಗೆ ನಲವತ್ತು ಪರ್ಸೆಂಟ್ ಇರುವಾಗಲೇ ತಟ್ಟನೆ ಕಣ್ಣು ಮುಚ್ಚತೊಡಗಿತು.

ಒಂದು ಮಧ್ಯಾಹ್ನ ಮೇಲಿನ ಗುಡ್ಡದ ಯುಬೆಲ್ಕಿಸ್‌ಗೆ ನೋವು ಶುರುವಾಯಿತು. ಅವಳ ಗಂಡ ಎಷ್ಟು ಸಲ ಕರೆ ಮಾಡಿದರೂ ಇತ್ತ ಫೋನು ಸತ್ತಿತ್ತು. ಅತ್ತೆಯೊಬ್ಬಳೇ ಹೆರಿಗೆ ಮಾಡಿಸಿದಳು. ದೇವರು ದೊಡ್ಡವನು, ತಾಯಿ ಮಗು ಉಳಿದರು. ವಿಂದಾ ಮಾತ್ರ ಅವತ್ತು ಊಟ ಮುಟ್ಟಲಿಲ್ಲ. ನನಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು. ಯಾಕೆಂದರೆ ಮುಂದಿನ ಸರದಿ ನನ್ನ ರೊಸಾನಿಯದು, ಅವಳಿಗಾಗಲೇ ಏಳು ತಿಂಗಳು ತುಂಬಿತ್ತು.

ಮರುದಿನವೇ ವಿಂದಾಳನ್ನು ಬಾಡಿಗೆ ಬೈಕಿನ ಹಿಂದೆ ಕೂರಿಸಿಕೊಂಡು ಕೆಳಗಿನ ಪೇಟೆಗೆ ಎಳೆದೊಯ್ದೆ. ಅಲ್ಲಿ ಮಾರುಕಟ್ಟೆಯ ಮೂಲೆಯಲ್ಲಿ ಒಸೀರಿಸ್ ಎಂಬವನು ಫೋನು ರಿಪೇರಿ ಮಾಡುತ್ತಾನೆ. ಚಾರ್ಜು ಹೇಗೆ ಮಾಡುತ್ತೀರಿ ಎಂದು ಅವನು ಕೇಳಿದ, ಇವಳು ತನ್ನ ಪಥ್ಯವನ್ನೆಲ್ಲ ಹೆಮ್ಮೆಯಿಂದ ಒಪ್ಪಿಸಿದಳು. ಅವನು ತಲೆ ಚಚ್ಚಿಕೊಂಡ. ಪೂರ್ತಿ ಖಾಲಿ ಮಾಡಬೇಕೆನ್ನುವುದು ಹಳೇ ಕಾಲದ ಬ್ಯಾಟರಿಗಳ ಮಾತು, ಇವಕ್ಕೆ ಅದೇ ಕೇಡು. ಇಪ್ಪತ್ತರ ಕೆಳಗೆ ಇಳಿಸಬೇಡಿ, ಎಂಬತ್ತಾದರೆ ಸಾಕು, ನಡುವೆ ಕಿತ್ತರೆ ಏನೂ ಆಗದು, ಎಲ್ಲಕ್ಕಿಂತ ದೊಡ್ಡ ಶತ್ರು ಸೆಕೆ ಎಂದು ಬಿಡಿಸಿ ಹೇಳಿದ. ವಿಂದಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನ ಕಡೆ ತಿರುಗಿದಳು.

"ಇವನು ಇಲ್ಲೀತನಕ ಎಷ್ಟು ಹೆರಿಗೆ ಮಾಡಿಸಿದಾನೆ, ಕೇಳು."

ಒಸೀರಿಸ್ ಫೋನಿನ ಬೆನ್ನು ಬಿಚ್ಚಿ ತೋರಿಸಿದ. ಬ್ಯಾಟರಿ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತ್ತು. ವಿಂದಾಳ ಮುಖ ಬದಲಾಯಿತು. ಯಾವ ಬಸುರಿ ಎದುರಿಗೆ ಬಂದರೂ ಅವಳು ಮೊದಲು ಬಗ್ಗಿ ಪಾದದ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವವಳು. ಊತ ಕಂಡರೆ ಅವಳಿಗೆ ನಿದ್ದೆ ಬರುವುದಿಲ್ಲ. ಈಗಲೂ ಹೆಬ್ಬೆರಳು ಮುಂದೆ ಹೋಯಿತು. ಒತ್ತಬೇಡಿ, ಹೊತ್ತಿಕೊಂಡೀತು ಎಂದು ಒಸೀರಿಸ್ ಕೈ ಹಿಡಿದ. ಅವಳು ಕೈ ಹಿಂದಕ್ಕೆಳೆದುಕೊಂಡು ನನ್ನ ಕಡೆ ತಿರುಗಿದಳು.

"ತಪ್ಪು ತಿಳ್ಕೊಂಡಿದ್ದೆ ಕಣೆ," ಎಂದಳು. "ಇದು ಬಾಣಂತಿ ಅಲ್ಲ, ಕೂಸು. ಜ್ವರದಲ್ಲಿ ಸುಡ್ತಿರೋ ಕೂಸಿಗೆ ನಾನು ಕಂಬಳಿ ಹೊದೆಸ್ತಿದ್ದೆ. ಕೂಸನ್ನ ಹಸಿವಲ್ಲಿ ಒಣಗಿಸಬಾರ್ದು, ಬಿರಿಯೋ ಹಾಗೂ ಕುಡಿಸಬಾರ್ದು. ಆಗಾಗ, ಸ್ವಲ್ಪ ಸ್ವಲ್ಪ."

ತಾನು ಇಷ್ಟು ಹೊತ್ತು ಒದರಿದ್ದು ಅದನ್ನೇ ಎಂದು ಒಸೀರಿಸ್ ಗೊಣಗಿದ. ನೀನು ಹೇಳಿದ್ದು ಬರೀ ಲೆಕ್ಕ, ಕೂಸು ಅಂತ ಮೊದಲೇ ಹೇಳೋಕೇನಾಗಿತ್ತು ಎಂದು ವಿಂದಾ ಅವನಿಗೇ ಗದರಿ ಹೊಸ ಬ್ಯಾಟರಿ ಹಾಕಿಸಿಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ ಊರಿನ ಪಾಡು. ಫ್ಲಾನೆಲ್ ನೆಲ ಒರೆಸಲು ಹೋಯಿತು. ಫೋನು ಕವಚ ಕಳಚಿಕೊಂಡು ನನ್ನ ಅಂಗಡಿಯ ತಣ್ಣನೆಯ ಸಿಮೆಂಟು ಕಟ್ಟೆಯ ಮೇಲೆ ಆರಾಮಾಗಿ ಮಲಗತೊಡಗಿತು. ಕರೆಂಟು ಒಂದು ಗಳಿಗೆ ಬಂದರೂ ವಿಂದಾ ಎರಡು ಗುಟುಕು ಕುಡಿಸಿ ಕೀಳುತ್ತಿದ್ದಳು. ಬಾಣಂತಿ ನೋಡಲು ಹೋದ ಮನೆಯಲ್ಲಿ ದಿಂಬಿನಡಿ ಚಾರ್ಜಾಗುತ್ತಿದ್ದ ಫೋನುಗಳನ್ನು ಎಳೆದು ಹೊರಗೆ ಹಾಕುತ್ತಿದ್ದಳು. ಒಬ್ಬ ಜಾಣ, ತಂಪಾಗಲಿ ಎಂದು ಫೋನನ್ನು ಫ್ರಿಜ್ಜಿನಲ್ಲಿಟ್ಟಿದ್ದ. ಜ್ವರ ಬಂದ ಕೂಸನ್ನು ನಿನ್ನವ್ವ ಫ್ರಿಜ್ಜಿನಲ್ಲಿಟ್ಟಿದ್ದಳಾ ಎಂದು ಅವನಿಗೆ ಮಂಗಳಾರತಿ ಎತ್ತಿದಳು.

ನವೆಂಬರ್ ಮಳೆ ಹಿಡಿಯಿತು. ಕರೆಂಟು ಹೋಗಿ ಎರಡು ದಿನವಾಗಿದ್ದಾಗ, ನೋವಿಗೆ ಮೊದಲೇ ರೊಸಾನಿಗೆ ರಕ್ತ ಕಂಡಿತು. ವಿಂದಾ ಬಂದು ನೋಡಿದವಳೇ ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಆಂಬುಲೆನ್ಸಿಗೆ ಕರೆ ಮಾಡಿದಳು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವಳು ಯಾವತ್ತೂ ಹಿಂದೆ ಮುಂದೆ ನೋಡಿದವಳಲ್ಲ. ಹೊಳೆ ತುಂಬಿ ದಾರಿ ಮುಳುಗಿತ್ತು. ಕೋಕೋ ತೋಟಗಳೊಳಗಿನ ಮೇಲ್ದಾರಿ ಡ್ರೈವರಿಗೆ ಗೊತ್ತಿಲ್ಲ. ವಿಂದಾ ಜಗಲಿಯಲ್ಲಿ ನಿಂತು, ಫೋನನ್ನು ಕಿವಿಯಿಂದ ದೂರ ಹಿಡಿದು, ತಿರುವು ತಿರುವಿಗೂ ಅವನಿಗೆ ದಾರಿ ಹೇಳತೊಡಗಿದಳು. ಒಳಗೆ ಮಗಳು ನರಳುತ್ತಿದ್ದಳು. ನಾನು ಪರದೆಯ ಮೂಲೆಯ ಅಂಕಿಯನ್ನೇ ನೋಡುತ್ತಿದ್ದೆ. ನಲವತ್ತಮೂರು. ನಲವತ್ತೊಂದು. ಹಳೇ ಬ್ಯಾಟರಿ ಕಣ್ಣು ಮುಚ್ಚುತ್ತಿದ್ದ ನಲವತ್ತು ಬಂದಾಗ ಶಿಲುಬೆಯ ಗುರುತು ಹಾಕಿಕೊಂಡೆ. ಕರೆ ಕಡಿದರೆ ಗಾಡಿ ತೋಟದೊಳಗೆ ದಿಕ್ಕು ತಪ್ಪುತ್ತದೆ, ನನ್ನ ಮಗಳು ಇಲ್ಲೇ ರಕ್ತ ಬಸಿದು ಬರಿದಾಗುತ್ತಾಳೆ.

ಮೂವತ್ತೊಂಬತ್ತು ಎಂದು ತೋರಿಸಿತು. ನಾನು ಅತ್ತುಬಿಟ್ಟೆ.

"ಬಲಕ್ಕಲ್ಲಪ್ಪ, ಎಡಕ್ಕೆ. ಬೀಗ ಹಾಕಿರೋ ಸ್ಕೂಲು ಕಾಣ್ತಾ? ಹಾಂ, ಬಾ," ಎನ್ನುತ್ತಲೇ ಇದ್ದಳು ವಿಂದಾ.

ಗಾಡಿ ಬಂತು. ಜೊತೆಗೆ ಒಬ್ಬರಿಗೇ ಜಾಗ. ಸೂಲಗಿತ್ತಿಯೇ ಹೋಗಲಿ ಎಂದು ನಾನು ಕೆಳಗಿಳಿದೆ. ಆಮೇಲಿನ ಹೊತ್ತನ್ನು ಹೇಗೆ ಕಳೆದೆನೋ ಆ ಮೇರಿಮಾತೆಗೇ ಗೊತ್ತು. ಕಾಫಿ ಮಾಡಿದೆ, ಕುಡಿಯಲಿಲ್ಲ. ಕತ್ತಲಾಗುವ ಮುಂಚೆ ನನ್ನ ಫೋನು ಹೊಡೆದುಕೊಂಡಿತು. ಎತ್ತಿದರೆ ಮಾತಿಲ್ಲ, ಎಳೆಗೂಸಿನ ಅಳು. ಗುಡ್ಡವನ್ನೇ ಎಬ್ಬಿಸುವಂಥ ಅಳು. ಹಿಂದೆಯೇ ವಿಂದಾಳ ಗಂಟಲು.

"ಹೆಣ್ಣು ಕಣೆ ಅಜ್ಜಿ. ರೊಸಾನಿಗೆ ರಕ್ತ ಕೊಟ್ರು, ಕಣ್ಣು ಬಿಟ್ಟಿದಾಳೆ, ಮಗುಗೆ ಹಾಲು ಕೊಡ್ತಿದಾಳೆ. ಇನ್ನು ಫೋನಿಡು, ಇಲ್ಲಿ ಇನ್ನೊಂದು ಕೂಸು ಇಪ್ಪತ್ತಕ್ಕೆ ಇಳಿದಿದೆ. ಅದಕ್ಕೂ ಹಸಿವಾಗಿದೆ."