ಕೆಂಪಾಜಮ್ಮ ಕಂಡ ಮೇಜು

ಕೆಂಪಾಜಮ್ಮ ಹುಲ್ಲಹಳ್ಳಿ ಕಡೆಯ ಹೆಣ್ಣು. ನಾಲೆ ನೀರಿನ ಭತ್ತದ ಗದ್ದೆಗಳ ನಡುವೆ ಬೆಳೆದವಳು. ಚೆಲುವಯ್ಯನನ್ನು ಮದುವೆಯಾಗಿ ತಿ. ನರಸೀಪುರದ ಹತ್ತಿರದ ಹಳ್ಳಿಗೆ ಬರುವವರೆಗೆ ರೇಷ್ಮೆ ಹುಳುವನ್ನು ಕಣ್ಣಿಂದ ಕಂಡಿರಲಿಲ್ಲ. ಬಂದ ಹೊಸದರಲ್ಲಿ ಅತ್ತೆ ಚಾಮುಂಡಮ್ಮ ಅವಳನ್ನು ಹುಳುಮನೆಯೊಳಗೆ ಕರೆದೊಯ್ದು ಗೋಡೆಗೊರಗಿಸಿ ಕೂರಿಸಿದಳು. ಹೊರಗೆ ಸುಡುಬಿಸಿಲು, ಒಳಗೆ ಮಾತ್ರ ಸಣ್ಣಗೆ ಮಳೆ ಬೀಳುವ ಸದ್ದು.

"ಮಳೆ ಬತ್ತಾದೆ ಅತ್ತೆ, ಬಟ್ಟೆ ಒಣಗಾಕಿದ್ದೆ" ಎಂದು ಕೆಂಪಾಜಮ್ಮ ಎದ್ದಳು.

"ಕೂತ್ಕೊ ಮಗ. ಉಳ ಸೊಪ್ಪು ತಿಂತಾವೆ" ಎಂದಳು ಚಾಮುಂಡಮ್ಮ.

ಆ ಸದ್ದು ಕೆಂಪಾಜಮ್ಮನನ್ನು ಹಿಡಿದುಕೊಂಡಿತು. ಕೆಲಸ ಮುಗಿದರೂ ಅವಳು ಹುಳುಮನೆಯಲ್ಲೇ ಕೂತಿರುತ್ತಿದ್ದಳು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಗೋಣಿತಾಟಿನ ಪರದೆಯೊಳಗಿಂದ ಸೋರಿ ಬರುವ ಹಸಿರು ಬೆಳಕು, ಆ ಮಳೆ. ಹುಳುಗಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ನಿಂತಾಗ, ಅವಳೂ ಮಾತು ಕಡಿಮೆ ಮಾಡುತ್ತಿದ್ದಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟುವ ಬಿದಿರಿನ ತಟ್ಟಿ ಚಂದ್ರಿಕೆಗೆ ಬಿಟ್ಟ ಮೇಲೆ, ಅವು ತಮ್ಮ ಸುತ್ತ ತಾವೇ ಗೂಡು ನೇಯುತ್ತ ಮಸುಕಾಗುವುದನ್ನು ನೋಡುತ್ತ ನಿಂತರೆ ಒಲೆಯ ಮೇಲೆ ಇಟ್ಟ ಸಾರು ಸೀಯುತ್ತಿತ್ತು. ಊರವರು, "ಕೆಂಪಾಜಮ್ಮುನ್ನ ಕರುದ್ರೆ ವಸಿ ತಡೀಬೇಕು ಕಣ್ರೀ, ಎಲ್ಲಿಗೋ ಓಗಿರೋಳು ವಾಪಸ್ ಬರ್ಬೇಕಲ್ಲ" ಎನ್ನುತ್ತಿದ್ದರು. ಚೆಲುವಯ್ಯ ನಗುತ್ತಿದ್ದ. ಹಾಗೆಯೇ ವರ್ಷಗಳು ಕಳೆದವು. ಅತ್ತೆ ತೀರಿಕೊಂಡಳು. ಮಗಳು ಪಲ್ಲವಿ ಪಟ್ಟಣದ ಕಾಲೇಜಿನಲ್ಲಿ ಪದವಿ ಮುಗಿಸಿ, ಹುಳು ಸಾಕುವುದರಲ್ಲಿ ತಾಯಿಯ ಜೊತೆಗೆ ನಿಂತಳು.

ಎರಡು ಮೂರು ವರ್ಷದ ಹಿಂದೆ ಒಂದು ಮಾಗಿಯಲ್ಲಿ ತಾಯಿ ಮಗಳು ಗೂಡು ತುಂಬಿಕೊಂಡು ಮಾರುಕಟ್ಟೆಗೆ ಹೋದರು. ಒಳ್ಳೆಯ ಗೂಡು, ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿ ಸದ್ದು. ಆದರೆ ಹರಾಜಿನ ಅಂಗಳ ಮಂಜು ಕವಿದ ಹೊಳೆಯಂತೆ ಸುಮ್ಮನಿತ್ತು. ನೂಲು ಬಿಚ್ಚುವವರು ಬಂದಿದ್ದರು, ಗೂಡನ್ನು ಮುಟ್ಟಿ ನೋಡುತ್ತಿದ್ದರು, ಬೆಲೆ ಮಾತ್ರ ಕೂಗುತ್ತಿರಲಿಲ್ಲ. ಕೊನೆಗೊಬ್ಬ ಪರಿಚಯದವನು ಹತ್ತಿರ ಬಂದು ಹೇಳಿದ: "ಹೊರದೇಶದ ನೂಲಿನ ಸುಂಕ ಇಳ್ಸವ್ರೆ ಕಣಕ್ಕ. ಆ ನೂಲು ಅಗ್ಗಕ್ಕೆ ಬಂದ್ರೆ ನಾವು ಬಿಚ್ಚಿದ್ದನ್ನ ಯಾರು ತಗತಾರೆ?" ಗೂಡು ಸಿಕ್ಕ ಬೆಲೆಗೆ ಹೋಯಿತು.

ವಾಪಸ್ ಬರುವಾಗ ಪಲ್ಲವಿ ತಾಯಿಯನ್ನು ತನ್ನ ಮೇಷ್ಟ್ರ ಮನೆಗೆ ಕರೆದೊಯ್ದಳು. ಅಮೃತೇಶ್ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವರು. ಕೆಂಪಾಜಮ್ಮ ಕೂತ ತಕ್ಷಣ ಕೇಳಿದಳು: "ಸಾ, ಈ ನೂಲಿನ ಸುಂಕನ ಇಳ್ಸದೋರು ಯಾರು?"

"ಕೇಂದ್ರ ಸರ್ಕಾರ. ಒಂದು ಅಧಿಸೂಚನೆ ಹೊರಡಿಸಿದ್ರೆ ಸಾಕು."

"ನಾವು ಓಟಾಕಿ ಕಳ್ಸಿರೋರು ಒಪ್ಕಂಡಿದ್ರಾ?"

"ಮೊದ್ಲು ಒಪ್ಪಬೇಕಾಗಿಲ್ಲ ಅಮ್ಮ. ಸುಂಕದ ಕಾನೂನು ಮಾಡೋದು ಸಂಸತ್ತು. ಆದ್ರೆ ಜನರ ಹಿತಕ್ಕೆ ಬೇಕು ಅನ್ನಿಸಿದಾಗ ಸುಂಕ ಕಡಿಮೆ ಮಾಡೋ ಅಧಿಕಾರನ ಅದೇ ಕಾನೂನು ಸರ್ಕಾರಕ್ಕೆ ಕೊಟ್ಟಿದೆ. ಆಮೇಲೆ ಆ ಆದೇಶನ ಎರಡೂ ಸದನಗಳ ಮೇಜಿನ ಮೇಲೆ ಇಡಬೇಕು. ಸದಸ್ಯರು ನೋಡಿ, ಬೇಡ ಅನ್ನಬಹುದು, ತಿದ್ದಬಹುದು."

ಕೆಂಪಾಜಮ್ಮ ಕೇಳಿದಳು: "ಮ್ಯಾಜಿನ್ ಮ್ಯಾಲೆ ಇಟ್ಟದ್ದನ್ನ ಯಾರು ಓದ್ತಾರೆ ಸಾ?"

"ಓದಬೇಕು ಅಂತ ಒಂದು ಸಮಿತಿ ಇದೆ" ಎಂದರು ಅಮೃತೇಶ್.

ಆ ಮೇಜು ಕೆಂಪಾಜಮ್ಮನ ಕನಸಿಗೆ ಬಂತು. ಮಧ್ಯಾಹ್ನದ ಜೊಂಪಿನಲ್ಲಿ ಕಂಡದ್ದು. ತಲಕಾಡಿನ ಮರಳಿನಷ್ಟು ಅಗಲವಾದ ಮೇಜು, ಆಚೆಯ ತುದಿ ಕಾಣದು. ಯಾರೋ ಬಿಳಿ ಬಟ್ಟೆಯವರು ಬಂದು ಕಾಗದಗಳನ್ನು ಸೊಪ್ಪು ಹರಡುವ ಹಾಗೆ ಹರಡಿ ಹೋಗುತ್ತಿದ್ದರು. ಕಾಗದದ ಮೇಲೆ ಕಾಗದ. ಅವಳು ಕಿವಿಗೊಟ್ಟು ಕಾದಳು. ಮೇಯುವ ಸದ್ದೇ ಇರಲಿಲ್ಲ. ಸೊಪ್ಪು ಬಾಡುತ್ತ, ಅಂಚು ಸುರುಟುತ್ತ ಬಿದ್ದಿತ್ತು. ಎದ್ದವಳೇ ಕಂಡದ್ದನ್ನೆಲ್ಲ ಮಗಳಿಗೆ ಹೇಳಿದಳು.

ಪಲ್ಲವಿ ನಗಲಿಲ್ಲ. "ಹಂಗಾದ್ರೆ ಓದಿ ಅಂತ ನಾವೇ ಕೇಳನ ಕಣವ್ವ" ಎಂದಳು.

ಪಲ್ಲವಿ ಮೇಷ್ಟ್ರ ನೆರವಿನಿಂದ ಮನವಿ ಬರೆದಳು. ಕೆಂಪಾಜಮ್ಮ ಊರೂರು ತಿರುಗಿ ಹುಳು ಸಾಕುವವರ ಸಹಿ ಹಾಕಿಸಿದಳು. ಒಂದೂರಿನಲ್ಲಿ ನೀರು ಕೊಟ್ಟರು, ಇನ್ನೊಂದೂರಿನಲ್ಲಿ, "ಡೆಲ್ಲಿಯೋರು ನಿನ್ ಮಾತು ಕೇಳಾರಾ" ಎಂದು ಬಾಗಿಲು ಹಾಕಿಕೊಂಡರು. ಆ ಭಾಗದ ಸಂಸದರು ಮನವಿಯನ್ನು ಸದನದಲ್ಲಿ ಸಲ್ಲಿಸಿದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಹಿಪ್ಪುನೇರಳೆ ಕಡ್ಡಿ ಮತ್ತೆ ಚಿಗುರಿತು. ಅಕ್ಕಪಕ್ಕದ ಕೆಲವರು ಅದನ್ನು ಕಿತ್ತು ಕಬ್ಬು ಹಾಕಿದರು. ಚೆಲುವಯ್ಯನೂ ಒಮ್ಮೆ, "ನಾವೂ ಕೀಳನಾ?" ಎಂದ. ಕೆಂಪಾಜಮ್ಮ ತೋಟದ ಬದುವಿನಲ್ಲಿ ಕತ್ತಲಾಗುವವರೆಗೆ ಕೂತು ಬಂದಳು. ಮಾರನೆಯ ದಿನ ಹೊಸ ಹುಳುಮರಿ ತಂದು ಸೊಪ್ಪು ಹಾಕಿದಳು.

ಮಳೆಗಾಲದ ಕೊನೆಯಲ್ಲಿ ಸುದ್ದಿ ಬಂತು. ಆದೇಶಗಳನ್ನು ಪರಿಶೀಲಿಸುವ ಸಂಸತ್ತಿನ ಸಮಿತಿ ಮೈಸೂರು ಕಡೆಗೆ ಪ್ರವಾಸ ಬರುತ್ತದೆ, ಪಟ್ಟಣದ ಪ್ರವಾಸಿ ಬಂಗಲೆಯಲ್ಲಿ ಜನರ ಅಹವಾಲು ಕೇಳುತ್ತದೆ ಎಂದು. ಕೆಂಪಾಜಮ್ಮ ಮಡಿಸಿಟ್ಟಿದ್ದ ಸೀರೆ ಉಟ್ಟು, ಮಗಳ ಜೊತೆ ಹೋದಳು. ಬಂಗಲೆಯ ಹಿಂದೆ ಹೊಳೆ ತುಂಬಿ ಹರಿಯುತ್ತಿತ್ತು. ಒಳಗಿದ್ದ ಮೇಜು ಸಾಧಾರಣದ್ದು, ಹಸಿರು ಬಟ್ಟೆ ಹೊದಿಸಿ ನೀರಿನ ಲೋಟಗಳನ್ನಿಟ್ಟಿದ್ದರು. ನಡುವೆ ಕೂತ ಅಧ್ಯಕ್ಷೆ ಬೇರೆ ರಾಜ್ಯದ ನರೆಗೂದಲಿನ ಹೆಂಗಸು. ಪಕ್ಕದಲ್ಲೊಬ್ಬ ಅಧಿಕಾರಿ ಕನ್ನಡವನ್ನು ಹಿಂದಿಗೆ, ಹಿಂದಿಯನ್ನು ಕನ್ನಡಕ್ಕೆ ಮಾಡಿ ಹೇಳುತ್ತಿದ್ದ.

ಇವರಿಗಿಂತ ಮುಂಚೆ ಕರೆದದ್ದು ನಂಜನಗೂಡಿನ ಶಾಲಿನಿ ಎಂಬ ನೇಯ್ಗೆಯವಳನ್ನು. ಅವಳು ಎದ್ದು ನಿಂತು ಹೇಳಿದಳು: "ಸುಂಕ ಇಳಿದ ಮೇಲೆ ನಿಂತೋಗಿದ್ದ ನಮ್ಮ ಮಗ್ಗ ಮತ್ತೆ ಓಡ್ತಿದೆ. ನೂಲು ಕೈಗೆಟುಕ್ತಿದೆ. ಇದನ್ನ ಮತ್ತೆ ಏರಿಸಿದ್ರೆ ನಾನು ಮಗ್ಗ ಬಿಚ್ಚಿ ಕಟ್ಟಿಡಬೇಕು. ನಮ್ಮ ಯಜಮಾನ್ರು ಹಾಸಿಗೆ ಹಿಡಿದವ್ರೆ, ಮನೆ ನಡೀತಿರೋದು ಆ ಮಗ್ಗದಿಂದ."

ಕೆಂಪಾಜಮ್ಮ ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ತನ್ನ ಗೂಡು ಮಾರುಕಟ್ಟೆ ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಅದು ಬೇರೊಂದು ಮನೆಗೆ ಹೋಗುತ್ತದೆ, ಅಲ್ಲಿಯೂ ಒಬ್ಬಳು ಎಳೆಗಳ ಮುಂದೆ ಕೂತಿರುತ್ತಾಳೆ. ತನ್ನ ಹೆಸರು ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಪಲ್ಲವಿ ಮೊಣಕೈ ಮುಟ್ಟಿ, "ಅವ್ವ, ನಿನ್ನನ್ನೇ" ಎಂದಳು.

ಕಲಿತುಕೊಂಡು ಬಂದ ಮಾತನ್ನು ಬಿಟ್ಟು ಕೆಂಪಾಜಮ್ಮ ನಿಧಾನವಾಗಿ ಹೇಳಿದಳು: "ಸುಂಕ ಏರ್ಸಿ ಅಂತ ಕೇಳಕ್ಕೆ ಬಂದಿದ್ದೆ ಅಮ್ಮ. ಈವಮ್ಮನ ಮಾತು ಕೇಳುದ್ ಮ್ಯಾಲೆ ಎಷ್ಟಿರ್ಬೇಕು ಅನ್ನದು ನಂಗೆ ತಿಳೀತಿಲ್ಲ. ಆದ್ರೆ ಆ ಆದೇಶ ನಿಮ್ಮ ಮ್ಯಾಜಿಗೆ ಬರೋ ಒತ್ಗೆ ನಮ್ಮ ಗೂಡು ಸಿಕ್ಕ ಬೆಲೆಗೆ ಓಗಾಗಿತ್ತು. ಇಳ್ಸೋಕೆ ಮುಂಚೆ ನಮ್ಮನ್ನ ಕೇಳ್ನಿಲ್ಲ. ಏರ್ಸೋದಾದ್ರೆ ಈವಮ್ಮುನ್ನ ಕೇಳಿ. ಮ್ಯಾಜಿನ್ ಮ್ಯಾಲೆ ಇಟ್ಟದ್ದನ್ನ ಯಾರಾದ್ರೂ ಓದಿ. ನಂದು ಅಷ್ಟೇಯ."

ಅಧಿಕಾರಿ ಅದನ್ನು ಹಿಂದಿಗೆ ಮಾಡಿ ಹೇಳಿದ. ಅಧ್ಯಕ್ಷೆ ಆದೇಶ ಸದನಕ್ಕೆ ಯಾವಾಗ ಬಂತೆಂದು ಜೊತೆಗೆ ಬಂದಿದ್ದ ಇಲಾಖೆಯ ಅಧಿಕಾರಿಗಳನ್ನು ಕೇಳಿದರು. ಅಧಿವೇಶನ ಮುಗಿಯುವ ಹೊತ್ತಿಗೆ ಬಂತೆಂದು ಒಬ್ಬರು ಒಪ್ಪಿಕೊಂಡರು. ಅಧ್ಯಕ್ಷೆ ಕೆಂಪಾಜಮ್ಮನ ಕಡೆ ತಿರುಗಿದರು. ಅವರ ಮಾತನ್ನು ಅಧಿಕಾರಿ ಕನ್ನಡದಲ್ಲಿ ಹೇಳಿದ: "ರಾಶಿ ರಾಶಿ ಬರುತ್ತವೆ, ಎಲ್ಲವನ್ನೂ ಓದಲು ಆಗುವುದಿಲ್ಲ ಎನ್ನುತ್ತಿದ್ದಾರೆ. ಇದನ್ನು ಓದುತ್ತಾರಂತೆ."

ಹೊರಗೆ ಜಗುಲಿಯಲ್ಲಿ ಶಾಲಿನಿ ಬುತ್ತಿ ಬಿಚ್ಚಿ ಕೂತಿದ್ದಳು. ಕೆಂಪಾಜಮ್ಮ ಹೋಗಿ ಪಕ್ಕದಲ್ಲಿ ಕೂತಳು. ಇಬ್ಬರೂ ಚಿತ್ರಾನ್ನ ಹಂಚಿಕೊಂಡರು.

"ನನ್ ಮೇಲೆ ಕೋಪ ಇಲ್ವಾ ಅಕ್ಕ?" ಎಂದಳು ಶಾಲಿನಿ.

"ಏನಂತ ಕೋಪ ಮಾಡ್ಕಳ್ಳನವ್ವ?" ಎಂದಳು ಕೆಂಪಾಜಮ್ಮ.

ಸಮಿತಿಯ ವರದಿ ಮುಂದಿನ ಅಧಿವೇಶನದಲ್ಲಿ ಬಂತು. ಸುಂಕದ ಆದೇಶವನ್ನು ತಡವಾಗಿ ಸದನದ ಮುಂದಿಟ್ಟದ್ದು ತಪ್ಪು, ಇನ್ನು ಮುಂದೆ ಇಂಥ ಬದಲಾವಣೆಗೆ ಮುಂಚೆ ಬೆಳೆಯುವವರನ್ನೂ ನೇಯುವವರನ್ನೂ ಕೇಳಬೇಕು, ಕಾರಣ ಬರೆದು ತಿಳಿಸಬೇಕು ಎಂದು ಅದರಲ್ಲಿತ್ತು. ಆದೇಶ ರದ್ದಾಗಲಿಲ್ಲ. ಒಬ್ಬ ಸದಸ್ಯರು ತಿದ್ದುಪಡಿ ಸೂಚಿಸಿದರು, ಸಂಜೆಯ ಹೊತ್ತು ಅರ್ಧ ಖಾಲಿಯಿದ್ದ ಸದನದಲ್ಲಿ ಚರ್ಚೆ ನಡೆಯಿತು. ಕೆಂಪಾಜಮ್ಮನ ಮನೆಯವರೆಲ್ಲ ಅದನ್ನು ಟಿವಿಯಲ್ಲಿ ನೋಡಿದರು. ಮಂತ್ರಿಗಳು ಮರುಪರಿಶೀಲನೆಯ ಭರವಸೆ ಕೊಟ್ಟರು, ಆ ಸದಸ್ಯರು ತಮ್ಮ ತಿದ್ದುಪಡಿ ಹಿಂತೆಗೆದುಕೊಂಡರು. ಕೆಲವು ತಿಂಗಳಿಗೆ ಸುಂಕ ಭಾಗಶಃ ಏರಿತು. ಗೂಡಿನ ಬೆಲೆ ಪೂರ್ತಿಯಲ್ಲದಿದ್ದರೂ ಚೇತರಿಸಿಕೊಂಡಿತು. ಕಬ್ಬು ಹಾಕಿದವರು ಯಾರೂ ಹಿಪ್ಪುನೇರಳೆಗೆ ಮರಳಲಿಲ್ಲ.

ಈ ವರ್ಷ ಸುಂಕ ಮತ್ತೆ ಬದಲಿಸುವ ಆಲೋಚನೆ ಬಂದಾಗ, ಅಭಿಪ್ರಾಯ ಕೇಳಿ ರೇಷ್ಮೆ ಇಲಾಖೆಯ ಕಚೇರಿಗೆ ಮೊದಲೇ ಪ್ರಕಟಣೆ ಬಂತು. ಕೆಂಪಾಜಮ್ಮ ಬಸ್ಸು ಹತ್ತಿ ನಂಜನಗೂಡಿಗೆ, ಶಾಲಿನಿಯ ಮನೆಗೆ ಹೋದಳು. ಸೇರಿ ಒಂದೇ ಅಭಿಪ್ರಾಯ ಬರೆಯೋಣವೆಂದು ಕೂತವರಿಗೆ ಎಷ್ಟು ಹೊತ್ತಾದರೂ ಒಮ್ಮತವಾಗಲಿಲ್ಲ. ಇವಳು ಹೇಳಿದ ಸುಂಕ ಅವಳಿಗೆ ಹೆಚ್ಚು, ಅವಳು ಹೇಳಿದ್ದು ಇವಳಿಗೆ ಕಡಿಮೆ.

"ನಿಂದು ನೀನು ಬರ್ಸು, ನಂದು ನಾನು ಬರುಸ್ತೀನಿ" ಎಂದಳು ಕೆಂಪಾಜಮ್ಮ. ಶಾಲಿನಿ ನಕ್ಕು ಕಾಫಿಗೆ ನೀರಿಟ್ಟಳು. ಸಂಜೆ ಇಬ್ಬರೂ ಕಪಿಲಾ ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತರು. ನೀರು ನರಸೀಪುರದ ಕಡೆಗೆ ಸರಿಯುತ್ತಿತ್ತು. ಕೊನೆಯ ಬಸ್ಸು ತಪ್ಪಿತೆಂದು ಗೊತ್ತಾದರೂ ಕೆಂಪಾಜಮ್ಮ ಏಳಲಿಲ್ಲ.